ಪ್ರಾಸ್ಟೇಟ್ ಗಡ್ಡೆಯೊಳಗಿನ ಬಿಳಿ ರಕ್ತಕಣಗಳು ಯಾರ ಕಡೆ?

ಮೂತ್ರಕೋಶ ಮತ್ತು ಪ್ರಾಸ್ಟೇಟ್ ಒಂದಕ್ಕೊಂದು ಅಂಟಿಕೊಂಡಿರುವ ಅಂಗಗಳು. ಮೂತ್ರಕೋಶದ ಕೆಳಗೇ ಪ್ರಾಸ್ಟೇಟ್ ಗ್ರಂಥಿ, ಅದರ ನಡುವಿನಿಂದಲೇ ಮೂತ್ರನಾಳ ಹಾದುಹೋಗುತ್ತದೆ. ಎರಡಕ್ಕೂ ನೋಡುವ ವೈದ್ಯರು ಒಬ್ಬರೇ. ಆದರೆ ದೇಹದ ರೋಗನಿರೋಧಕ ಕೋಶಗಳನ್ನೇ ಕ್ಯಾನ್ಸರಿನ ಮೇಲೆ ಛೂ ಬಿಡುವ ಚಿಕಿತ್ಸೆಯ ವಿಷಯಕ್ಕೆ ಬಂದರೆ ಈ ನೆರೆಹೊರೆಯವರ ನಡುವೆ ಅಜಗಜಾಂತರ.

1976ರಲ್ಲಿ ಕೆನಡಾದ ಅಲ್ವಾರೊ ಮೊರಾಲೆಸ್ ಎಂಬ ವೈದ್ಯರು ಒಂಬತ್ತು ರೋಗಿಗಳ ಮೂತ್ರಕೋಶದೊಳಕ್ಕೆ ಬಿಸಿಜಿ ಲಸಿಕೆ ಬಿಟ್ಟ ಫಲಿತಾಂಶ ಪ್ರಕಟಿಸಿದರು. ನಮ್ಮ ಮಕ್ಕಳಿಗೆ ಹುಟ್ಟಿದ ಕೂಡಲೇ ತೋಳಿಗೆ ಚುಚ್ಚುತ್ತಾರಲ್ಲ, ಅದೇ ಕ್ಷಯದ ಲಸಿಕೆ. ಅದು ಮೂತ್ರಕೋಶದ ಒಳಪದರದಲ್ಲಿ ಉರಿಯೂತ ಎಬ್ಬಿಸುತ್ತದೆ, ಓಡಿ ಬಂದ ಬಿಳಿ ರಕ್ತಕಣಗಳು ಕ್ಯಾನ್ಸರ್ ಕೋಶಗಳನ್ನೂ ಮುಗಿಸುತ್ತವೆ. ಹೆಚ್ಚುಕಡಿಮೆ ಐವತ್ತು ವರ್ಷವಾದರೂ ಮೇಲ್ಪದರದ ಮೂತ್ರಕೋಶ ಕ್ಯಾನ್ಸರಿಗೆ ಇಂದಿಗೂ ಅದೇ ಮುಖ್ಯ ಮದ್ದು. 2016ರಲ್ಲಿ ಹೊಸ ಬಗೆಯ ಇಮ್ಯುನೊಥೆರಪಿ ಔಷಧಿಗಳೂ ಮೂತ್ರಕೋಶದ ಕ್ಯಾನ್ಸರಿಗೆ ಬಂದವು. ಪಕ್ಕದ ಪ್ರಾಸ್ಟೇಟಿನಲ್ಲಿ ಅವೇ ಔಷಧಿಗಳನ್ನು ಕೊಟ್ಟಾಗ ಏನಾಯಿತು? ಪೆಂಬ್ರೊಲಿಜುಮ್ಯಾಬ್ ಎಂಬ ಹೆಸರಾಂತ ಔಷಧಿಯನ್ನು ಮುಂದುವರಿದ ಪ್ರಾಸ್ಟೇಟ್ ಕ್ಯಾನ್ಸರ್ ಇರುವವರಿಗೆ ಕೊಟ್ಟು ನೋಡಿದರು. ಗಡ್ಡೆ ಕುಗ್ಗಿದ್ದು ನೂರಕ್ಕೆ ಮೂರರಿಂದ ಐದು ಮಂದಿಯಲ್ಲಿ.

ಯಾಕೆ ಹೀಗೆ? ಇವತ್ತಿನ ಮಾತೆಲ್ಲ ಈ ಒಂದು ಪ್ರಶ್ನೆಯ ಸುತ್ತ. ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಪ್ರಾಸ್ಟೇಟ್ ಗಡ್ಡೆಯಲ್ಲಿ ರೋಗನಿರೋಧಕ ಕೋಶಗಳ ಕೊರತೆ ಇದೆ ಅನ್ನುವುದು ಅರ್ಧ ಸತ್ಯ. ಬೇಕಾದವು ಕಡಿಮೆ, ಬೇಡದವು ಧಾರಾಳ. ಬಂದವುಗಳಲ್ಲಿ ಹಲವು ಗಡ್ಡೆಯ ಕೆಲಸಕ್ಕೇ ನಿಂತುಬಿಟ್ಟಿವೆ.

ಬಯಾಪ್ಸಿ ಮಾಡುವಾಗ ಸೂಜಿಯಿಂದ ತೆಗೆಯುವ ಅಂಗಾಂಶ ನೂಲಿನಷ್ಟು ತೆಳ್ಳಗಿರುತ್ತದೆ. ಬಣ್ಣ ಹಾಕಿ ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಗುಲಾಬಿ ಹಿನ್ನೆಲೆಯಲ್ಲಿ ದುಂಡು ದುಂಡಾದ ಗ್ರಂಥಿಗಳು ಕಾಣುತ್ತವೆ. ಆರೋಗ್ಯವಂತ ಗ್ರಂಥಿಯ ಅಂಚು ಮಡಿಕೆ ಮಡಿಕೆಯಾಗಿರುತ್ತದೆ, ಅದಕ್ಕೆ ಎರಡು ಪದರ. ಕ್ಯಾನ್ಸರ್ ಗ್ರಂಥಿ ಚಿಕ್ಕದು, ಒಂದಕ್ಕೊಂದು ಒತ್ತಿಕೊಂಡದ್ದು, ಅದಕ್ಕೆ ಒಂದೇ ಪದರ. ಇವುಗಳ ನಡುವೆ ಕಡುನೀಲಿ ಚುಕ್ಕೆಗಳು ಕಾಣುತ್ತವೆ, ಒಂದೊಂದು ಚುಕ್ಕೆಯೂ ಬಹುಪಾಲು ಬರೀ ನ್ಯೂಕ್ಲಿಯಸ್ಸೇ. ಅವು ಲಿಂಫೊಸೈಟುಗಳು, ಬಿಳಿ ರಕ್ತಕಣಗಳ ಒಂದು ಬಗೆ; ಮುಂದೆ ಬರುವ ಟಿ-ಕೋಶ, ಬಿ-ಕೋಶಗಳೆರಡೂ ಈ ಬಗೆಯವೇ. ಚರ್ಮದ ಮೆಲನೋಮಾ ಕ್ಯಾನ್ಸರಿನಲ್ಲಿ ಎಷ್ಟೋ ಸಲ ಈ ನೀಲಿ ಚುಕ್ಕೆಗಳು ಗಡ್ಡೆಯೊಳಕ್ಕೇ ನುಗ್ಗಿರುತ್ತವೆ. ಪ್ರಾಸ್ಟೇಟಿನಲ್ಲಿ ಹೆಚ್ಚಾಗಿ ಗಡ್ಡೆಯ ಹೊರಗೆ, ಅಂಚಿನಲ್ಲಿ, ಅಲ್ಲಲ್ಲಿ ಗುಂಪು ಕಟ್ಟಿ ನಿಂತಿರುತ್ತವೆ. ವೈದ್ಯರು ಇಂಥದ್ದಕ್ಕೆ ‘ತಣ್ಣನೆಯ ಗಡ್ಡೆ’ ಎನ್ನುತ್ತಾರೆ.

ಇಲ್ಲಿ ಒಂದು ಅಡ್ಡಮಾತು. ಅರವತ್ತು ದಾಟಿದ ಗಂಡಸರ ಪ್ರಾಸ್ಟೇಟಿನಲ್ಲಿ ಕ್ಯಾನ್ಸರ್ ಇಲ್ಲದಿದ್ದರೂ ಒಂದಿಷ್ಟು ಉರಿಯೂತ ಇರುವುದು ತೀರಾ ಸಾಮಾನ್ಯ. ಪ್ರಾಸ್ಟೇಟ್ ತಯಾರಿಸುವ ಪಿಎಸ್‌ಎ ಎಂಬ ಪ್ರೋಟೀನಿನ ಮಟ್ಟ ರಕ್ತದಲ್ಲಿ ಆ ಉರಿಯೂತದಿಂದಲೂ ಏರುತ್ತದೆ. ಆದ್ದರಿಂದ ಪಿಎಸ್‌ಎ ಹೆಚ್ಚು ಬಂತೆಂದು ರಾತ್ರಿಯೆಲ್ಲ ನಿದ್ದೆಗೆಡಬೇಡಿ, ಹಾಗೆಂದು ವರದಿಯನ್ನು ಬೀರುವಿನಲ್ಲಿಟ್ಟು ಮರೆಯಲೂ ಬೇಡಿ. ಈ ಹಳೆಯ ಉರಿಯೂತಕ್ಕೂ ಕ್ಯಾನ್ಸರಿಗೂ ಸಂಬಂಧವಿದೆಯೇ ಎಂದು 1999ರಲ್ಲಿ ಜಾನ್ಸ್ ಹಾಪ್ಕಿನ್ಸ್‌ನ ಆಂಜೆಲೊ ಡಿ ಮಾರ್ಜೊ ಮತ್ತವರ ಸಂಗಡಿಗರು ಕೇಳಿದ್ದರು. ಉರಿಯೂತವಿರುವ ಕಡೆ ಗ್ರಂಥಿಗಳು ಸೊರಗಿರುತ್ತವೆ, ಆದರೆ ಸೊರಗಿದ ಆ ಕೋಶಗಳೇ ಬಿಡುವಿಲ್ಲದೆ ವಿಭಜನೆಯಾಗುತ್ತಿರುತ್ತವೆ. ಏಟು ಬಿದ್ದಲ್ಲೇ ರಿಪೇರಿ, ರಿಪೇರಿಯಾದಲ್ಲೇ ಮತ್ತೆ ಏಟು. ಹೀಗೆ ವರ್ಷಗಟ್ಟಲೆ ನಡೆದರೆ ಡಿಎನ್‌ಎ ನಕಲಿನಲ್ಲಿ ತಪ್ಪು ನುಸುಳಲು ಅವಕಾಶ ಹೆಚ್ಚು. ಕ್ಯಾನ್ಸರಿನ ಮೊಳಕೆ ಇಲ್ಲೇ ಒಡೆಯಬಹುದು ಎಂಬುದು ಅವರ ವಾದ. ನನಗಂತೂ ಆ ವಾದದಲ್ಲಿ ತೂಕ ಕಾಣುತ್ತದೆ.

ಈಗ ಹಾರ್ಮೋನಿನ ಕಡೆ ಬರೋಣ, ಅದಿಲ್ಲದೆ ಪ್ರಾಸ್ಟೇಟಿನ ಮಾತೇ ಇಲ್ಲ. 1941ರಲ್ಲಿ ಷಿಕಾಗೊದ ಚಾರ್ಲ್ಸ್ ಹಗಿನ್ಸ್ ಮತ್ತು ಕ್ಲಾರೆನ್ಸ್ ಹಾಜಸ್, ವೃಷಣ ತೆಗೆದರೆ ಅಥವಾ ಈಸ್ಟ್ರೋಜನ್ ಕೊಟ್ಟರೆ ಹರಡಿದ ಪ್ರಾಸ್ಟೇಟ್ ಕ್ಯಾನ್ಸರ್ ಕೂಡ ಹಿಮ್ಮೆಟ್ಟುತ್ತದೆ ಎಂದು ತೋರಿಸಿದರು. ಹಗಿನ್ಸ್‌ಗೆ 1966ರಲ್ಲಿ ನೊಬೆಲ್ ಬಂತು. ಇಂದಿಗೂ ಚಿಕಿತ್ಸೆಯ ಅಡಿಪಾಯ ಅದೇ: ವೃಷಣದಲ್ಲಿ ತಯಾರಾಗುವ ಗಂಡು ಹಾರ್ಮೋನು ಟೆಸ್ಟೋಸ್ಟೆರಾನ್ ನಿಲ್ಲಿಸು. ತೊಂದರೆ ಏನೆಂದರೆ ಕೆಲವು ಕಾಲದ ನಂತರ ಎಷ್ಟೋ ಮಂದಿಯಲ್ಲಿ ಗಡ್ಡೆ ಟೆಸ್ಟೋಸ್ಟೆರಾನ್ ಇಲ್ಲದೆಯೂ ಬೆಳೆಯಲು ಕಲಿಯುತ್ತದೆ. ಆ ಹಂತದಲ್ಲೇ ಸಾವುಗಳು ಹೆಚ್ಚು. ಗಡ್ಡೆ ಇದನ್ನು ಹೇಗೆ ಕಲಿಯುತ್ತದೆ ಎಂದು ದಶಕಗಳ ಕಾಲ ಎಲ್ಲರೂ ಕ್ಯಾನ್ಸರ್ ಕೋಶದೊಳಗೇ ಹುಡುಕಿದರು. ಪಕ್ಕದಲ್ಲಿ ಕುಳಿತಿದ್ದ ಬಿಳಿ ರಕ್ತಕಣಗಳ ಕಡೆ ನೋಡಿದವರು ಕಡಿಮೆ.

2010ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೊದಲ್ಲಿ ಮೈಕೆಲ್ ಕಾರಿನ್ ಅವರ ಪ್ರಯೋಗಾಲಯ ನೋಡಿತು. ಇಲಿಗಳಲ್ಲಿ ಗಡ್ಡೆ ಬೆಳೆಸಿ, ವೃಷಣ ತೆಗೆದರು. ಗಡ್ಡೆ ಕುಗ್ಗಿತು, ಕ್ಯಾನ್ಸರ್ ಕೋಶಗಳು ಸತ್ತವು. ಆ ಸಾವಿನ ವಾಸನೆ ಹಿಡಿದು ಬಿ-ಕೋಶಗಳು ಒಳಗೆ ಬಂದವು. ಬಿ-ಕೋಶ ಅಂದರೆ ನಮ್ಮ ಪ್ರತಿಕಾಯಗಳ ಕಾರ್ಖಾನೆ, ನಮ್ಮದೇ ಪಕ್ಷ ಅಂದುಕೊಂಡಿದ್ದೇವಲ್ಲ? ಅವು ಲಿಂಫೊಟಾಕ್ಸಿನ್ ಎಂಬ ಪ್ರೋಟೀನ್ ಸುರಿದವು. ಅದನ್ನು ಕುಡಿದು ಅಳಿದುಳಿದ ಕ್ಯಾನ್ಸರ್ ಕೋಶಗಳು ಟೆಸ್ಟೋಸ್ಟೆರಾನ್ ಇಲ್ಲದೆಯೇ ಚಿಗುರಿದವು. ಬಿ-ಕೋಶಗಳನ್ನು ತಡೆದ ಇಲಿಗಳಲ್ಲಿ ಗಡ್ಡೆ ಮರಳುವುದು ನಿಧಾನವಾಯಿತು. ಬೇಲಿಯೇ ಎದ್ದು ಹೊಲ ಮೇಯ್ದರೆ ಅನ್ನುತ್ತೇವಲ್ಲ, ಅಕ್ಷರಶಃ ಹಾಗೆ.

ಬಿ-ಕೋಶಗಳದ್ದು ಪೀಠಿಕೆಯಷ್ಟೇ. ದೊಡ್ಡ ಕಥೆ ಮೈಲಾಯ್ಡ್ ಕೋಶಗಳದ್ದು. ನ್ಯೂಟ್ರೋಫಿಲ್, ಮ್ಯಾಕ್ರೋಫೇಜ್ ಇವೆಲ್ಲ ಆ ವಂಶದವು. ಗಾಯವಾದಾಗ ಮೊದಲು ಬರುವವು, ಸತ್ತದ್ದನ್ನು ನುಂಗಿ ಚೊಕ್ಕಟ ಮಾಡುವವು, ಹೊಸ ರಕ್ತನಾಳ ಬೆಳೆಯಲು ನೆರವಾಗುವವು, ಕೊನೆಗೆ ಜಗಳ ಸಾಕು ಎಂದು, ಕೆಟ್ಟ ಕೋಶಗಳನ್ನು ಕೊಲ್ಲುವ ಟಿ-ಕೋಶಗಳನ್ನು ಸುಮ್ಮನಾಗಿಸುವವು. ಗಾಯ ಮಾಯಲು ಇಷ್ಟೂ ಬೇಕು. ಗಡ್ಡೆ ಮಾತ್ರ ಮಾಯದ ಗಾಯ. ಅಲ್ಲಿ ಈ ಕೋಶಗಳು ಅರೆಬಲಿತ ಸ್ಥಿತಿಯಲ್ಲೇ ಬಂದು, ಎಲ್ಲಕ್ಕಿಂತ ಆ ಕೊನೆಯ ಕೆಲಸವನ್ನೇ, ಅಂದರೆ ಟಿ-ಕೋಶಗಳ ಬಾಯಿ ಮುಚ್ಚಿಸುವುದನ್ನೇ, ಮಾಡುತ್ತಾ ಕೂರುತ್ತವೆ.

ಸ್ವಿಟ್ಜರ್ಲೆಂಡಿನ ಬೆಲ್ಲಿಂಜೋನಾ ಎಂಬ ಚಿಕ್ಕ ಊರಿನಲ್ಲಿ ಆಂಡ್ರಿಯಾ ಅಲಿಮೊಂಟಿ ಎಂಬ ವಿಜ್ಞಾನಿ ಇದ್ದಾರೆ. ಅವರ ತಂಡ 2018ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಈ ಮೈಲಾಯ್ಡ್ ಕೋಶಗಳು ಟಿ-ಕೋಶಗಳನ್ನು ತಡೆಯುವುದಷ್ಟೇ ಅಲ್ಲ, ಐಎಲ್-23 ಎಂಬ ಸಂಕೇತದ ಪ್ರೋಟೀನನ್ನು ಹೊರಬಿಡುತ್ತವೆ. ಕ್ಯಾನ್ಸರ್ ಕೋಶದ ಮೈಮೇಲೆ ಅದನ್ನು ಹಿಡಿಯುವ ಗ್ರಾಹಿ ಇದೆ. ಹಿಡಿದೊಡನೆ ಒಳಗೆ ಆಂಡ್ರೋಜನ್ ಗ್ರಾಹಿಯ, ಅಂದರೆ ಟೆಸ್ಟೋಸ್ಟೆರಾನ್ ಹಿಡಿದು ಗಡ್ಡೆಗೆ ಬೆಳೆ ಎನ್ನುವ ಪ್ರೋಟೀನಿನ, ಕೆಲಸ ಮತ್ತೆ ಶುರು. ನೋಡಿ, ವೈದ್ಯರು ಹೊರಗಿನಿಂದ ಟೆಸ್ಟೋಸ್ಟೆರಾನ್ ನಿಲ್ಲಿಸಿದ್ದಾರೆ, ಒಳಗಿನಿಂದ ಬಿಳಿ ರಕ್ತಕಣ ಬದಲಿ ಸಂಕೇತ ಕೊಡುತ್ತಿದೆ! ಹಾರ್ಮೋನ್ ಚಿಕಿತ್ಸೆ ಕೈಕೊಟ್ಟ ರೋಗಿಗಳ ರಕ್ತದಲ್ಲೂ ಗಡ್ಡೆಯಲ್ಲೂ ಈ ಕೋಶಗಳು ಮತ್ತು ಐಎಲ್-23 ಎರಡೂ ಹೆಚ್ಚಿದ್ದವು.

ಇಲಿಯ ಮಾತು ಇಲಿಗೆ, ಮನುಷ್ಯರಲ್ಲಿ ಏನಾಯಿತು ಎಂದು ಕೇಳುವಿರಿ. ಕೇಳಲೇಬೇಕು. ಅಲಿಮೊಂಟಿ ಮತ್ತು ಲಂಡನ್ನಿನ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ಯೋಹಾನ್ ಡಿ ಬೋನೊ ಕೂಡಿ ಒಂದು ಪ್ರಯೋಗ ಮಾಡಿದರು. ಮೈಲಾಯ್ಡ್ ಕೋಶಗಳು ರಕ್ತದಿಂದ ಗಡ್ಡೆಗೆ ದಾರಿ ಕಂಡುಕೊಳ್ಳುವುದು ಸಿಎಕ್ಸ್‌ಸಿಆರ್2 ಎಂಬ ಗ್ರಾಹಿಯ ಮೂಲಕ. ಅದನ್ನು ಮುಚ್ಚುವ ಮಾತ್ರೆಯೊಂದು ಶ್ವಾಸಕೋಶದ ಕಾಯಿಲೆಗೆಂದು ತಯಾರಾಗಿ ಮೂಲೆ ಸೇರಿತ್ತು. ಹಾರ್ಮೋನ್ ಮದ್ದು ಎನ್ಜಲುಟಮೈಡ್ ಜೊತೆಗೆ ಅದನ್ನೂ ಕೊಟ್ಟರು. 2023ರಲ್ಲಿ ಫಲಿತಾಂಶ ಬಂತು: ಲೆಕ್ಕಕ್ಕೆ ಸಿಕ್ಕ 21 ರೋಗಿಗಳಲ್ಲಿ ಐವರಿಗೆ ಗುಣ ಕಂಡಿತು. ಐದೇ ಮಂದಿ, ಹೌದು. ಆದರೆ ಆ ಐವರೂ ಹಾರ್ಮೋನ್ ಮದ್ದುಗಳಿಗೆ ಬಗ್ಗದ ಹಂತದಲ್ಲಿದ್ದವರು. ಇಲ್ಲಿ ಯಾರೂ ರೋಗನಿರೋಧಕ ಶಕ್ತಿಯನ್ನು ಹೆಚ್ಚಿಸಲಿಲ್ಲ ಎಂಬುದನ್ನು ಗಮನಿಸಿ. ಒಂದು ಜಾತಿಯ ಬಿಳಿ ರಕ್ತಕಣ ಗಡ್ಡೆಯೊಳಗೆ ಬಾರದಂತೆ ತಡೆದರು, ಅಷ್ಟೇ.

ನಿಮ್ಮ ಮನೆಯಲ್ಲೇ ಬಿದ್ದಿರುವ ಒಂದು ಕಾಗದದಲ್ಲಿ ಈ ಕಥೆಯ ನೆರಳಿದೆ. ಸಾಮಾನ್ಯ ರಕ್ತಪರೀಕ್ಷೆ, ಸಿಬಿಸಿ. ಅದರಲ್ಲಿ ನ್ಯೂಟ್ರೋಫಿಲ್ ಶೇಕಡಾ ಇಷ್ಟು, ಲಿಂಫೊಸೈಟ್ ಇಷ್ಟು ಎಂದಿರುತ್ತದೆ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ. ಮುಂದುವರಿದ ಪ್ರಾಸ್ಟೇಟ್ ಕ್ಯಾನ್ಸರಿನವರಲ್ಲಿ ಈ ಅನುಪಾತ ಹೆಚ್ಚಿದ್ದಷ್ಟೂ ಒಟ್ಟಾರೆಯಾಗಿ ಆಯಸ್ಸು ಕಡಿಮೆ ಎಂದು ಹಲವು ಅಧ್ಯಯನಗಳು ಕಂಡಿವೆ. ಈಗಲೇ ಮೊಬೈಲ್ ತೆಗೆದು ಭಾಗಾಕಾರ ಮಾಡಲು ಹೊರಟವರು ನಿಲ್ಲಿಸಿ. ನೆಗಡಿ, ಹುಣ್ಣು, ಸ್ಟೀರಾಯ್ಡ್ ಮಾತ್ರೆ, ಯಾವುದರಿಂದಲೂ ಈ ಸಂಖ್ಯೆ ಏರುತ್ತದೆ. ಕ್ಯಾನ್ಸರ್ ಇದೆಯೋ ಇಲ್ಲವೋ ಎಂದು ಹೇಳುವ ಪರೀಕ್ಷೆ ಇದಲ್ಲ.

ಹಾಗಿದ್ದರೆ ನ್ಯೂಟ್ರೋಫಿಲ್ ಖಳನಾಯಕನೇ? ಅಷ್ಟು ಸರಳವಾಗಿದ್ದರೆ ನಮಗೆಲ್ಲ ಕೆಲಸ ಹಗುರವಾಗುತ್ತಿತ್ತು. ಅಮೆರಿಕದ ನೆಬ್ರಾಸ್ಕಾದಲ್ಲಿ ಲಿಯಾ ಕುಕ್ ಅವರ ತಂಡ 2020ರಲ್ಲಿ ತೋರಿಸಿದಂತೆ, ಪ್ರಾಸ್ಟೇಟ್ ಕ್ಯಾನ್ಸರ್ ಮೂಳೆಗೆ ಬಂದ ಹೊಸತರಲ್ಲಿ ಅಸ್ಥಿಮಜ್ಜೆಯ ನ್ಯೂಟ್ರೋಫಿಲ್‌ಗಳು ಅದನ್ನು ಕೊಲ್ಲುತ್ತವೆ. ದಿನ ಕಳೆದಂತೆ ಗಡ್ಡೆ ಆ ಏಟಿಗೆ ಜಗ್ಗದಂತಾಗುತ್ತದೆ. ಕೋಶ ಅದೇ, ಕಾಲ ಬೇರೆ, ಜಾಗ ಬೇರೆ.

ಜಾಗದ ಮಾತು ಬಂತಲ್ಲ, ಮೂಳೆಯ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ಪ್ರಾಸ್ಟೇಟ್ ಕ್ಯಾನ್ಸರ್ ಹರಡುವಾಗ ಅದಕ್ಕೆ ಮೂಳೆ ಎಂದರೆ ಎಲ್ಲಿಲ್ಲದ ಪ್ರೀತಿ. ಬೆನ್ನುಮೂಳೆ, ಸೊಂಟದ ಮೂಳೆ, ಪಕ್ಕೆಲುಬು. ಟಿ-ಕೋಶಗಳ ಮೇಲೆ ಸಿಟಿಎಲ್‌ಎ-4 ಎಂಬ ಪ್ರೋಟೀನ್ ಇದೆ, ಅದು ಅವುಗಳ ಹುರುಪನ್ನು ತಗ್ಗಿಸುತ್ತದೆ. ಅದನ್ನು ತಡೆದರೆ ಟಿ-ಕೋಶಗಳು ಗಡ್ಡೆಯನ್ನು ಕೊಲ್ಲುತ್ತವೆ ಎಂದು ತೋರಿಸಿದವರು ಜೇಮ್ಸ್ ಆಲಿಸನ್. 2018ರ ವೈದ್ಯಕೀಯ ನೊಬೆಲ್ ಅವರಿಗೂ ಜಪಾನಿನ ತಸುಕು ಹೊಂಜೊ ಅವರಿಗೂ ಹಂಚಿಕೆಯಾಯಿತು. ಅದರಿಂದ ಹುಟ್ಟಿದ ಔಷಧಿ ಇಪಿಲಿಮುಮ್ಯಾಬ್ ಮೆಲನೋಮಾದಲ್ಲಿ ಪವಾಡವನ್ನೇ ಮಾಡಿತು. ಪ್ರಾಸ್ಟೇಟಿನಲ್ಲಿ? ಮೂಳೆಗೆ ಹರಡಿದ್ದ 799 ರೋಗಿಗಳ ಪ್ರಯೋಗದ ಫಲಿತಾಂಶ 2014ರಲ್ಲಿ ಬಂತು. ಔಷಧಿ ಪಡೆದವರ ಮಧ್ಯಕ ಆಯಸ್ಸು (ಅರ್ಧದಷ್ಟು ಮಂದಿ ದಾಟಿದ ಅವಧಿ) 11.2 ತಿಂಗಳು, ಪಡೆಯದವರದ್ದು 10. ಸಂಖ್ಯಾಶಾಸ್ತ್ರದ ಗೆರೆಯನ್ನು ಕೂದಲೆಳೆಯಲ್ಲಿ ತಪ್ಪಿಸಿಕೊಂಡಿತು. ಪ್ರಯೋಗ ಸೋತಿತು ಎಂದೇ ದಾಖಲಾಯಿತು.

ಆದರೆ ಅದೇ ರೋಗಿಗಳನ್ನು ಮುಂದೆಯೂ ಗಮನಿಸುತ್ತ ಹೋದಾಗ ಐದು ವರ್ಷದ ಹೊತ್ತಿಗೆ ಔಷಧಿ ಪಡೆದವರಲ್ಲಿ ಶೇ. 7.9 ಮಂದಿ ಬದುಕಿದ್ದರು, ಪಡೆಯದವರಲ್ಲಿ ಶೇ. 2.7. ಸರಾಸರಿಯ ಅಡಿಯಲ್ಲಿ ಒಂದು ಸಣ್ಣ ಗುಂಪು ಅಡಗಿ ಕುಳಿತಿತ್ತು. ಉಳಿದವರಲ್ಲಿ ಯಾಕೆ ನಾಟಲಿಲ್ಲ? ಹ್ಯೂಸ್ಟನ್ನಿನ ಎಂ.ಡಿ. ಆಂಡರ್ಸನ್ ಆಸ್ಪತ್ರೆಯಲ್ಲಿ ಆಲಿಸನ್ ಅವರ ಜೊತೆಗಾತಿ, ಪತ್ನಿ ಕೂಡ ಹೌದು, ಪದ್ಮನೀ ಶರ್ಮ ಇದರ ಬೆನ್ನು ಹತ್ತಿದರು. ಅವರ ತಂಡ 2019ರಲ್ಲಿ ಕಂಡದ್ದು ಹೀಗೆ. ಇಪಿಲಿಮುಮ್ಯಾಬ್ ಕೊಟ್ಟಾಗ ಮೂಳೆಯೊಳಗೂ ಟಿ-ಕೋಶಗಳು ಬರುತ್ತವೆ. ಆದರೆ ಗಡ್ಡೆಯನ್ನು ಕೊಲ್ಲಲು ಬೇಕಾದ ಟಿಎಚ್-1 ಜಾತಿಯವಾಗುವ ಬದಲು ಟಿಎಚ್-17 ಎಂಬ ಬೇರೆ ಜಾತಿಯವಾಗಿಬಿಡುತ್ತವೆ. ಕಾರಣ ಮೂಳೆಯೇ. ಕ್ಯಾನ್ಸರ್ ಕೋಶಗಳು ಮೂಳೆ ಕರಗಿಸುವ ಆಸ್ಟಿಯೋಕ್ಲಾಸ್ಟ್‌ಗಳನ್ನು ಕೆರಳಿಸುತ್ತವೆ. ಕರಗಿದ ಮೂಳೆಯಿಂದ ಅದರೊಳಗೆ ಕೂಡಿಟ್ಟಿದ್ದ ಟಿಜಿಎಫ್-ಬೀಟಾ ಎಂಬ ಸಂಕೇತದ ಪ್ರೋಟೀನ್ ಹೊರಬೀಳುತ್ತದೆ. ಬಂದ ಟಿ-ಕೋಶಗಳ ದಾರಿ ತಪ್ಪಿಸುವುದು ಅದೇ. ಇಲಿಗಳಲ್ಲಿ ಟಿಜಿಎಫ್-ಬೀಟಾವನ್ನೂ ಜೊತೆಗೆ ತಡೆದಾಗ ಮೂಳೆಯ ಗಡ್ಡೆಗಳು ಕುಗ್ಗಿದವು. ಈ ಇಡೀ ಕ್ಷೇತ್ರದಲ್ಲಿ ನನಗೆ ತುಂಬಾ ಮೆಚ್ಚುಗೆಯಾದ ಕೆಲಸ ಇದು. ಸೋತ ಪ್ರಯೋಗವನ್ನು ಕೈಬಿಡದೆ, ಎಲ್ಲಿ ಸೋತಿತು ಎಂದು ಜಾಗ ತೋರಿಸಿದ್ದು ಸಣ್ಣ ಸಂಗತಿಯಲ್ಲ.

ಪ್ರಾಸ್ಟೇಟ್ ತಣ್ಣಗಿರಲು ಇನ್ನೊಂದು ಕಾರಣವನ್ನು ಬೇಗ ಹೇಳಿ ಮುಗಿಸುತ್ತೇನೆ. ಟಿ-ಕೋಶ ಕ್ಯಾನ್ಸರನ್ನು ಗುರುತಿಸುವುದು ಅದರ ಮೈಮೇಲಿನ ವಿಚಿತ್ರ ಪ್ರೋಟೀನ್ ತುಣುಕುಗಳಿಂದ. ರೂಪಾಂತರಗಳು, ಅಂದರೆ ಡಿಎನ್‌ಎಯಲ್ಲಿ ಆದ ಬದಲಾವಣೆಗಳು, ಹೆಚ್ಚಿದ್ದಷ್ಟೂ ವಿಚಿತ್ರ ತುಣುಕುಗಳು ಹೆಚ್ಚು. ಬಿಸಿಲಿಗೆ ಬೆಂದ ಚರ್ಮದ ಮೆಲನೋಮಾದಲ್ಲಿ, ಸಿಗರೇಟಿನ ಹೊಗೆ ತಿಂದ ಶ್ವಾಸಕೋಶದಲ್ಲಿ ರೂಪಾಂತರಗಳು ರಾಶಿ ರಾಶಿ. ಪ್ರಾಸ್ಟೇಟಿನಲ್ಲಿ ಕಡಿಮೆ, ಹತ್ತು ಲಕ್ಷ ಡಿಎನ್‌ಎ ಅಕ್ಷರಗಳಿಗೆ ಒಂದರ ಆಸುಪಾಸು. ಇದಕ್ಕೂ ಅಪವಾದವಿದೆ. ಸುಮಾರು ನೂರಕ್ಕೆ ಮೂರು ಮಂದಿಯಲ್ಲಿ ಡಿಎನ್‌ಎ ನಕಲಿನ ತಪ್ಪು ತಿದ್ದುವ ವ್ಯವಸ್ಥೆಯೇ ಕೆಟ್ಟಿರುತ್ತದೆ, ರೂಪಾಂತರಗಳು ತುಂಬಿ ತುಳುಕುತ್ತವೆ. ಆರಂಭದಲ್ಲಿ ಹೇಳಿದ ಪೆಂಬ್ರೊಲಿಜುಮ್ಯಾಬ್ ಇಂಥವರಲ್ಲಿ ಚೆನ್ನಾಗಿ ಕೆಲಸ ಮಾಡಬಲ್ಲದು. 2017ರಲ್ಲಿ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಈ ದೋಷವಿರುವ ಯಾವ ಅಂಗದ ಕ್ಯಾನ್ಸರಿಗಾದರೂ ಅದನ್ನು ಕೊಡಬಹುದೆಂದು ಒಪ್ಪಿಗೆ ಕೊಟ್ಟಿತು. ನೂರಕ್ಕೆ ಮೂರು ಎಂದು ತಾತ್ಸಾರ ಬೇಡ, ಆ ಮೂವರಲ್ಲಿ ಒಬ್ಬರಿಗೆ ಅದೇ ಬದುಕು.

ಟೆಸ್ಟೋಸ್ಟೆರಾನ್ ಟಿ-ಕೋಶಗಳನ್ನೂ ನೇರವಾಗಿ ಮಂಕಾಗಿಸುತ್ತದೆ ಎಂಬುದು 2022ರಲ್ಲಿ ಒರೆಗಾನಿನ ಏಮಿ ಮೊರನ್ ಅವರ ತಂಡದಿಂದ ಗೊತ್ತಾಯಿತು. ಹಾಗಾದರೆ ಹಾರ್ಮೋನ್ ಮದ್ದು ಮತ್ತು ಇಮ್ಯುನೊಥೆರಪಿ ಜೋಡಿ ಸರಿಹೊಂದಬೇಕಲ್ಲ? ಒರೆಗಾನಿನಲ್ಲೇ ಮೊದಲು ನಡೆದಿದ್ದ ಸಣ್ಣ ಪ್ರಯೋಗದಲ್ಲಿ 28 ಮಂದಿಯಲ್ಲಿ ಐವರ ಪಿಎಸ್‌ಎ ಅರ್ಧಕ್ಕೂ ಕೆಳಗಿಳಿದಿತ್ತು. ಎಲ್ಲರೂ ಕಣ್ಣರಳಿಸಿದರು. ಅದೇ ಜೋಡಿಯನ್ನು 1,200ಕ್ಕೂ ಹೆಚ್ಚು ರೋಗಿಗಳಿಗೆ ಕೊಟ್ಟು ನೋಡಿದ ದೊಡ್ಡ ಪ್ರಯೋಗ 2023ರಲ್ಲಿ ಬರಿಗೈಯಲ್ಲಿ ನಿಂತಿತು. ಆಗಲೇ ಹೇಳಿದ 21ರಲ್ಲಿ ಐದರ ಲೆಕ್ಕವನ್ನೂ ಇದರ ಪಕ್ಕದಲ್ಲೇ ಇಟ್ಟು ನೋಡಿ. ಪತ್ರಿಕೆಯಲ್ಲಿ ‘ಕ್ಯಾನ್ಸರಿಗೆ ಹೊಸ ಮದ್ದು’ ಎಂಬ ಶೀರ್ಷಿಕೆ ಕಂಡಾಗ ರೋಗಿಗಳು ಎಷ್ಟು ಮಂದಿ ಎಂದು ಮೊದಲು ಹುಡುಕಿ.

ಇಷ್ಟೆಲ್ಲ ಸೋಲುಗಳ ನಡುವೆ ಒಪ್ಪಿಗೆ ಗಿಟ್ಟಿಸಿದ ಒಂದು ಕೋಶ ಚಿಕಿತ್ಸೆ ಇದೆ, ಸಿಪುಲ್ಯೂಸೆಲ್-ಟಿ. ರೋಗಿಯನ್ನು ಯಂತ್ರದ ಪಕ್ಕ ಮೂರು ನಾಲ್ಕು ತಾಸು ಕೂರಿಸಿ, ಒಂದು ತೋಳಿನಿಂದ ರಕ್ತ ತೆಗೆದು, ಬಿಳಿ ರಕ್ತಕಣ ಬೇರ್ಪಡಿಸಿ, ಉಳಿದದ್ದನ್ನು ಇನ್ನೊಂದು ತೋಳಿಗೆ ಮರಳಿಸುತ್ತಾರೆ. ಆ ಕಣಗಳನ್ನು ಪ್ರಯೋಗಾಲಯದಲ್ಲಿ ಪ್ರಾಸ್ಟೇಟಿನದೇ ಒಂದು ಪ್ರೋಟೀನಿನ ಜೊತೆ ಎರಡು ದಿನದಷ್ಟು ಬೆಳೆಸಿ, ಡೆಂಡ್ರೈಟಿಕ್ ಕೋಶಗಳಿಗೆ ಶತ್ರುವಿನ ಗುರುತು ಹಿಡಿಸಿ, ಮೂರನೇ ದಿನದ ಹೊತ್ತಿಗೆ ಅದೇ ವ್ಯಕ್ತಿಗೆ ವಾಪಸ್ ಏರಿಸುತ್ತಾರೆ. ಎರಡೆರಡು ವಾರಕ್ಕೊಮ್ಮೆ, ಮೂರು ಸಲ. 512 ರೋಗಿಗಳ ಪ್ರಯೋಗದಲ್ಲಿ ಮಧ್ಯಕ ಆಯಸ್ಸು 21.7 ತಿಂಗಳಿಂದ 25.8ಕ್ಕೆ ಏರಿತು. 2010ರಲ್ಲಿ ಎಫ್‌ಡಿಎ ಒಪ್ಪಿತು. ವಿಚಿತ್ರವೆಂದರೆ ಪಿಎಸ್‌ಎ ಇಳಿಯುವುದು ಅಪರೂಪ, ಗಡ್ಡೆ ಕುಗ್ಗುವುದೂ ಅಪರೂಪ. ಮದ್ದು ನಾಟುತ್ತಿದೆಯೇ ಎಂದು ರೋಗಿಗೆ ತೋರಿಸಲು ಯಾವ ಗುರುತೂ ಇಲ್ಲ. ಮೇಲಾಗಿ ಆಗಿನ ಬೆಲೆ 93,000 ಡಾಲರ್. ತಯಾರಿಸಿದ ಡೆಂಡ್ರಿಯಾನ್ ಕಂಪನಿ 2014ರಲ್ಲಿ ದಿವಾಳಿಗೆ ಅರ್ಜಿ ಹಾಕಿತು. ಮದ್ದು ಬೇರೆಯವರ ಕೈಸೇರಿ ಇನ್ನೂ ಉಳಿದಿದೆ.

ರೋಗಿಯದೇ ಟಿ-ಕೋಶಗಳನ್ನು ಮಾರ್ಪಡಿಸಿ ಮರಳಿ ಕೊಡುವ, ನಮ್ಮ ದೇಶದಲ್ಲೇ ತಯಾರಾದ ಸಿಎಆರ್-ಟಿ ಚಿಕಿತ್ಸೆಯ ಬಗ್ಗೆ ನಿಮ್ಮಲ್ಲಿ ಹಲವರು ಓದಿರುತ್ತೀರಿ. ಐಐಟಿ ಬಾಂಬೆ ಮತ್ತು ಟಾಟಾ ಮೆಮೋರಿಯಲ್‌ನಿಂದ ಬಂದದ್ದಕ್ಕೆ 2023ರಲ್ಲಿ ಒಪ್ಪಿಗೆ ಸಿಕ್ಕಿತು, ಬೆಂಗಳೂರಿನ ಇಮ್ಯುನೀಲ್ ಕಂಪನಿಯದ್ದು 2025ರಲ್ಲಿ ಬಂತು. ಅವೆರಡೂ ಬಿ-ಕೋಶಗಳಿಂದ ಹುಟ್ಟುವ ರಕ್ತ ಕ್ಯಾನ್ಸರುಗಳಿಗೆ. ಅಲ್ಲಿ ಶತ್ರು ರಕ್ತ, ಅಸ್ಥಿಮಜ್ಜೆ, ಲಿಂಫ್ ಗ್ರಂಥಿಗಳಲ್ಲಿ ಟಿ-ಕೋಶಗಳ ಕೈಗೆ ಸುಲಭವಾಗಿ ಸಿಗುತ್ತದೆ. ಪ್ರಾಸ್ಟೇಟಿನಲ್ಲಿ ಮಾರ್ಪಡಿಸಿದ ಟಿ-ಕೋಶ ಗಡ್ಡೆಯೊಳಗೆ ನುಗ್ಗಬೇಕು, ಟಿಜಿಎಫ್-ಬೀಟಾ ದಾಟಬೇಕು, ಮೈಲಾಯ್ಡ್ ಕೋಶಗಳ ಕಾಟ ತಡೆಯಬೇಕು. ಸದ್ಯಕ್ಕೆ ಅದಕ್ಕಿಂತ ನನಗೆ ಹೆಚ್ಚು ಕುತೂಹಲವಿರುವುದು ಇಬ್ಬದಿಯ ಪ್ರತಿಕಾಯಗಳ ಮೇಲೆ. ಒಂದು ತುದಿ ಕ್ಯಾನ್ಸರ್ ಕೋಶದ ಮೇಲಿನ ಎಸ್‌ಟಿಇಎಪಿ-1 ಪ್ರೋಟೀನನ್ನು ಹಿಡಿಯುತ್ತದೆ, ಇನ್ನೊಂದು ತುದಿ ದಾರಿಹೋಕ ಟಿ-ಕೋಶವನ್ನು ಹಿಡಿದು ಪಕ್ಕಕ್ಕೆ ತಂದು ನಿಲ್ಲಿಸುತ್ತದೆ. ಈ ಬಗೆಯ ಜಲೂರಿಟಮಿಗ್ ಎಂಬ ಔಷಧಿಯ 97 ರೋಗಿಗಳ ಮೊದಲ ಹಂತದ ಪ್ರಯೋಗದಲ್ಲಿ ಸುಮಾರು ಅರ್ಧದಷ್ಟು ಮಂದಿಯ ಪಿಎಸ್‌ಎ ಅರ್ಧಕ್ಕಿಳಿಯಿತು. ಜ್ವರ, ರಕ್ತದೊತ್ತಡ ಕುಸಿತದಂಥ ಅಡ್ಡಪರಿಣಾಮಗಳೂ ಕಡಿಮೆಯೇನಿಲ್ಲ.

ಸಭಿಕರೊಬ್ಬರು ಚೀಟಿಯಲ್ಲಿ ಬರೆದು ಕಳಿಸಿದ್ದಾರೆ: ಪ್ರಾಸ್ಟೇಟ್ ಕ್ಯಾನ್ಸರ್ ಬಾರದಂತೆ ಇಮ್ಯುನಿಟಿ ಹೆಚ್ಚಿಸಲು ಯಾವ ಕಷಾಯ ಕುಡಿಯಬೇಕು? ಕಷಾಯ ರುಚಿಗೆ ಕುಡಿಯಿರಿ, ನಾನೂ ಕುಡಿಯುತ್ತೇನೆ. ಆದರೆ ಇಷ್ಟು ಹೊತ್ತು ಕೇಳಿದಿರಲ್ಲ, ಯಾವ ಕೋಶವನ್ನು ಹೆಚ್ಚಿಸೋಣ ಹೇಳಿ? ಐಎಲ್-23 ಸುರಿಯುವ ಮೈಲಾಯ್ಡ್ ಕೋಶವನ್ನೇ? ಲಿಂಫೊಟಾಕ್ಸಿನ್ ಕೊಡುವ ಬಿ-ಕೋಶವನ್ನೇ? ಎಲ್ಲವನ್ನೂ ಒಟ್ಟಿಗೆ ಏರಿಸುವ ಪುಡಿ ಯಾವುದಾದರೂ ನಿಜಕ್ಕೂ ಇದ್ದಿದ್ದರೆ ನಾನು ಅದರಿಂದ ದೂರವೇ ಇರುತ್ತಿದ್ದೆ. ಚಿಕಿತ್ಸೆಯಲ್ಲಿರುವವರು ಅಂಥ ಪುಡಿ, ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ವೈದ್ಯರಿಗೆ ತಿಳಿಸಿ, ಮುಚ್ಚಿಡಬೇಡಿ.

ಇನ್ನೊಂದು ಚೀಟಿಯಲ್ಲಿ, ನಮ್ಮ ತಂದೆಯವರಿಗೆ ಮೂಳೆಗೆ ಹರಡಿದೆ, ಇಮ್ಯುನೊಥೆರಪಿ ಕೇಳಬಹುದೇ ಎಂದಿದೆ. ಕೇಳಬಹುದು, ಆದರೆ ಮೊದಲು ಪರೀಕ್ಷೆ ಕೇಳಿ. ಬಯಾಪ್ಸಿಯ ಅಂಗಾಂಶವನ್ನು ಆಸ್ಪತ್ರೆಯವರು ಮೇಣದ ಬ್ಲಾಕಿನಲ್ಲಿ ಕಾಪಾಡಿ ಇಟ್ಟಿರುತ್ತಾರೆ. ಅದರಲ್ಲೇ ಡಿಎನ್‌ಎ ತಪ್ಪು ತಿದ್ದುವ ವ್ಯವಸ್ಥೆ ಸರಿಯಿದೆಯೇ ಎಂದು ನೋಡಬಹುದು, ಎಂಎಂಆರ್ ಅಥವಾ ಎಂಎಸ್‌ಐ ಪರೀಕ್ಷೆ ಎಂದರೆ ಅವರಿಗೆ ಗೊತ್ತಾಗುತ್ತದೆ. ಜೊತೆಗೆ ಬಿಆರ್‌ಸಿಎ ಎಂಬ, ಡಿಎನ್‌ಎ ರಿಪೇರಿಗೆ ಬೇಕಾದ ಜೀನುಗಳ ಪರೀಕ್ಷೆಯನ್ನೂ ಕೇಳಿ, ಅದಕ್ಕೆ ಬೇರೆಯೇ ಮಾತ್ರೆಗಳಿವೆ. ಎಂಎಂಆರ್ ದೋಷ ಇದ್ದರೆ ಪೆಂಬ್ರೊಲಿಜುಮ್ಯಾಬ್ ಬಗ್ಗೆ ಮಾತಾಡಲು ಅರ್ಥವಿದೆ. ಇಲ್ಲದಿದ್ದರೆ ಆ ದುಬಾರಿ ಇಂಜೆಕ್ಷನ್ನಿಗಾಗಿ ಸೈಟು ಮಾರುವ ಮೊದಲು ಇನ್ನೊಬ್ಬ ಕ್ಯಾನ್ಸರ್ ತಜ್ಞರ ಅಭಿಪ್ರಾಯ ಪಡೆಯಿರಿ.